ಹಾಸನದವರ ಮೇಜಿಗೆ ಆರು ಹಾಸು

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಚನ್ನಬಸವಯ್ಯನವರ ಹೆಂಡತಿ ರೇವಮ್ಮನಿಗೆ ಕೂತಲ್ಲೇ ಕಣ್ಣು ಮುಚ್ಚಿಹೋಗುವ ಕಾಯಿಲೆ ಶುರುವಾದದ್ದು ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಅದನ್ನು ಕಾಯಿಲೆ ಎನ್ನುತ್ತಿದ್ದವರು ಅತ್ತೆ ನೀಲಗಂಗಮ್ಮ. ಅದು ಬರೀ ನಿದ್ದೆಯೆಂದು ರೇವಮ್ಮನಿಗೆ ಗೊತ್ತಿತ್ತು. ಕೋಳಿ ಕೂಗುವ ಮುಂಚೆ ಎದ್ದು ಒಲೆ ಹಚ್ಚಿದರೆ ಮನೆಯ ಒಂಬತ್ತು ಜನ, ಮಂಡಿಯ ಆರು ಆಳು, ಹಳ್ಳಿಗಳಿಂದ ಕಾಯಿ ಗಾಡಿ ಹೊಡೆದುಕೊಂಡು ಬಂದವರು ಬೇರೆ, ಇಷ್ಟು ಮಂದಿಗೆ ಹಿಟ್ಟು ತಿರುವಿ ಮುದ್ದೆ ಕಟ್ಟಿ ಮುಗಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಆಮೇಲೆ ಒಂದೆರಡು ಗಂಟೆ ಬಿಡುವು. ಆ ಬಿಡುವಿನಲ್ಲಿ ಅವಳ ಕೈಗೆ ಕ್ರೋಶಾ ಕಡ್ಡಿ ಬರುತ್ತಿತ್ತು.

ರೇವಮ್ಮ ಹಾಸನದಲ್ಲಿ ಹುಟ್ಟಿ ಬೆಳೆದವಳು. ಹನ್ನೆರಡು ತುಂಬುವವರೆಗೆ ಮಿಷನ್ ಶಾಲೆಗೆ ಹೋಗಿದ್ದಳು. ಅಲ್ಲಿ ಓದಿದ್ದೆಲ್ಲ ಮರೆತುಹೋಗಿ, ಕ್ರೋಶಾ ಮಾತ್ರ ಕೈಯಲ್ಲಿ ಉಳಿದುಕೊಂಡಿತ್ತು. ಮದುವೆಯಾದ ಹೊಸತರಲ್ಲಿ ಅದು ಆಸೆಯ ಕೆಲಸ. ಬಾಗಿಲಿಗೆ ತೋರಣ, ಹಾಲಿನ ಪಾತ್ರೆಗೆ ಮಣಿ ಪೋಣಿಸಿದ ಮುಸುಕು, ಮಕ್ಕಳಿಗೆ ಕುಲಾವಿ, ಒಂದೊಂದನ್ನೂ ಹಾಕಿ ಮುಗಿಸಿದಾಗ ದೂರ ಹಿಡಿದು ನೋಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಅದೂ ಕಸ ಮುಸುರೆಯ ಸಾಲಿಗೆ ಸೇರಿತು. ನೆಂಟರಲ್ಲಿ ಬಸುರಿ ಬಾಣಂತಿ ಯಾರಿದ್ದರೂ, "ನಮ್ಮ ರೇವಿ ಹಾಕ್ಕೊಡ್ತಾಳೆ ಬುಡಿ" ಎಂದು ಅತ್ತೆ ಮಾತು ಕೊಟ್ಟು ಬರುತ್ತಿದ್ದರು.

ಈ ಸಲ ಮಾತು ಕೊಟ್ಟು ಬಂದದ್ದು ಗಂಡನ ಚಿಕ್ಕಪ್ಪ ಈಶ್ವರಯ್ಯ. ನಾದಿನಿ ಗಂಗಾಂಬಿಕೆಗೆ ಹದಿನೇಳು ತುಂಬಿತ್ತು. ಹಾಸನದಲ್ಲಿ ಸುವರ್ಣಮ್ಮ ಎಂಬುವರ ಮಗ ಗೌರೀಶಂಕರ ಓವರ್‌ಸಿಯರ್ ಕೆಲಸದಲ್ಲಿದ್ದಾನೆ, ಒಳ್ಳೆಯ ಮನೆತನ ಎಂದು ತಿಳಿದು ಈಶ್ವರಯ್ಯ ಹೋಗಿ ಪ್ರಸ್ತಾಪ ಮಾಡಿದರು. ಹುಡುಗಿಗೆ ಏನೇನು ಬರುತ್ತದೆ ಎಂದು ಸುವರ್ಣಮ್ಮ ಕೇಳಿದಾಗ, ಈ ಮನೆಯ ಬಾಗಿಲ ತೋರಣವನ್ನು ನೆನೆದು, "ಕ್ರೋಶಾದಲ್ಲಿ ಎತ್ತಿದ ಕೈ" ಎಂದುಬಿಟ್ಟರು. ಮುದುಕರು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ನೀಲಗಂಗಮ್ಮ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂತರು.

"ಆ ಮನೇಲಿ ಮೇಜಿನ ಮ್ಯಾಲೆ ಊಟ ಮಾಡ್ತಾರಂತೆ ಕಣೆ. ತಟ್ಟೆ ಅಡಿಗೆ ಹಾಸೋ ಅಂಥವು ಒಂದಾರು ಹಾಕ್ಕೊಡು. ಅವರು ಹೆಣ್ಣು ನೋಡೋಕೆ ಬರೋಕೆ ಇನ್ನೂ ಐದು ವಾರ ಅದೆ."

"ಗಂಗೂಗೆ ನೂಲಲ್ಲಿ ಒಂದು ಸರಪಣೀನೂ ಹಾಕೋಕೆ ಬರಲ್ವಲ್ಲ ಅತ್ತೆ."

"ಮದುವೆ ಆದ್ಮೇಲೆ ಬತ್ತದೆ. ನೀನು ಈ ಮನೆಗೆ ಬಂದಾಗ ನಿಂಗೆ ಹಿಟ್ಟು ತಿರುವೋಕೆ ಬತ್ತಿತ್ತಾ?"

"ಕಣ್ಣು ಉರೀತವೆ ಅತ್ತೆ. ಸಣ್ಣ ನೂಲು ಕಾಣಾಕಿಲ್ಲ."

"ಬೆಳಕಲ್ಲಿ ಕೂತ್ಕೊ" ಎಂದು ನೀಲಗಂಗಮ್ಮ ಎದ್ದರು. ಮಾತು ಅಲ್ಲಿಗೆ ಮುಗಿಯಿತು.

ಚನ್ನಬಸವಯ್ಯನವರ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತು, ಎದುರಿಗೆ ಅಡ್ಡಣಿಗೆ ಇಟ್ಟುಕೊಂಡು, ಅದರ ಮೇಲೆ ತಟ್ಟೆಯಿಟ್ಟು ಉಣ್ಣುತ್ತಿದ್ದರು. ಮೇಜಿನ ಊಟವನ್ನು ರೇವಮ್ಮ ಕಂಡದ್ದು ಒಂದೇ ಸಲ, ಶಾಲೆಯ ದೊರೆಸಾನಿಯ ಬಂಗಲೆಯಲ್ಲಿ. ಅಲ್ಲಿ ತಟ್ಟೆಯ ಅಡಿಯಲ್ಲಿದ್ದ ಹಾಸನ್ನು ನೆನಪಿಸಿಕೊಂಡು ಅಳತೆ ತೆಗೆದಳು. ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದ. ನಡುವೆ ಚೌಕುಳಿ, ಸುತ್ತ ಬೀಸಣಿಗೆಯಂಥ ಅಂಚು.

ನೂಲು ಸಿಗುವುದೇ ಕಷ್ಟವಾಗಿತ್ತು. ಮೊದಲೆಲ್ಲ ವಿಲಾಯಿತಿಯಿಂದ ಬರುತ್ತಿದ್ದ ಬಿಳಿ ದಾರದ ಉಂಡೆ ಯುದ್ಧ ಬಂದ ಮೇಲೆ ಕಾಣೆಯಾಗಿತ್ತು. ಚನ್ನಬಸವಯ್ಯ ಹಾಸನದಲ್ಲಿ ಅಂಗಡಿ ಅಂಗಡಿ ತಿರುಗಿ ಎರಡು ಉಂಡೆ ತಂದರು. ಹೊಳೆನರಸೀಪುರದ ಸಂತೆಗೆ ಹೋದವರ ಕೈಲಿ ಇನ್ನೆರಡು ತರಿಸಿದರು. ಅಷ್ಟು ನೂಲಿನಲ್ಲಿ ಐದು ಹಾಸು ಆದವು. ಆರನೆಯದಕ್ಕೆ ನೂಲಿಲ್ಲ.

"ಐದೇ ಸಾಲದಾ?" ಎಂದು ರೇವಮ್ಮ ಕೇಳಿದಳು.

"ಐದು ಯಾರಾದ್ರೂ ಇಡ್ತಾರೇನೆ? ಒಂದು ಎಲ್ಲೋಯ್ತು ಅಂತ ಕೇಳಾಕಿಲ್ವಾ?" ಎಂದರು ಅತ್ತೆ.

ರೇವಮ್ಮ ಪೆಟ್ಟಿಗೆಯ ತಳದಿಂದ ತೊಟ್ಟಿಲ ಹೊದಿಕೆ ತೆಗೆದಳು. ಮೊದಲ ಮಗುವಿಗೆಂದು ಬಸುರಿಯಾಗಿದ್ದಾಗ ಹಾಕಿದ್ದು. ಆ ಮಗು ಬದುಕಿದ್ದ ಇಪ್ಪತ್ತು ದಿನ ಅದರಡಿ ಮಲಗಿತ್ತು. ಆಮೇಲೆ ಹುಟ್ಟಿದ ಮೂವರಿಗೆ ಅದನ್ನು ಹೊದಿಸಲು ಮನಸ್ಸು ಬರದೆ ಎತ್ತಿಟ್ಟಿದ್ದಳು. ಜಗಲಿಯ ಮೇಲೆ ಕೂತು ಕೊನೆಯ ಗಂಟು ಹುಡುಕಿ ಎಳೆದಳು. ಸಾಲು ಸಾಲಾಗಿ ಬಿಚ್ಚಿಕೊಂಡು ಬಂತು. ಅಳು ಬರಬಹುದೆಂದುಕೊಂಡಿದ್ದಳು, ಆಕಳಿಕೆ ಬಂತು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿತ್ತು. ಅದನ್ನು ಕುದಿಯುವ ನೀರಿನ ಹಬೆಗೆ ಹಿಡಿದು ನೆಟ್ಟಗೆ ಮಾಡಿ, ಒಣಗಿಸಿ, ಉಂಡೆ ಸುತ್ತಿ ಆರನೆಯದನ್ನು ಶುರು ಮಾಡಿದಳು. ಎರಡು ಸಲ ಹೆಣಿಗೆಯ ಕಂಬದ ಲೆಕ್ಕ ತಪ್ಪಿ, ಎರಡು ಸಲ ಬಿಚ್ಚಿದಳು. ಒಂದು ಮಧ್ಯಾಹ್ನ ಕಡ್ಡಿ ಕೈಯಲ್ಲಿದ್ದಂತೆಯೇ ತೂಕಡಿಸಿ, ಅದರ ಮೊನೆ ಅಂಗೈಗೆ ಚುಚ್ಚಿ ಎಚ್ಚರವಾಯಿತು. ರಕ್ತ ನೂಲಿಗೆ ತಾಗದಂತೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಹಾಸನದವರು ಹನ್ನೆರಡು ಗಂಟೆಗೆ ಬರಬೇಕಿತ್ತು. ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಎರಡು ಕಡೆ ನಿಂತು, ಅವರು ಬಂದಾಗ ಮೂರು ದಾಟಿತ್ತು. ಸುವರ್ಣಮ್ಮ, ಗೌರೀಶಂಕರ, ಅವನ ತಂದೆ. ಮಂಡಿಯಲ್ಲಿ ಬರೆಯಲು ಇಟ್ಟಿದ್ದ ಮೇಜನ್ನು ತೊಳೆದು ನಡುಮನೆಗೆ ತಂದು, ಅದರ ಮೇಲೆ ಆರು ಹಾಸು ಹರವಿದ್ದರು. ಎಷ್ಟು ತಿಕ್ಕಿದರೂ ಮೇಜಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಹೋಗಿರಲಿಲ್ಲ. ಗಂಗಾಂಬಿಕೆ ಉಪ್ಪಿಟ್ಟಿನ ತಟ್ಟೆಗಳನ್ನು ತಂದಳು. ಸುವರ್ಣಮ್ಮ ತಟ್ಟೆ ಪಕ್ಕಕ್ಕೆ ಸರಿಸಿ ಹಾಸನ್ನೇ ಎತ್ತಿಕೊಂಡರು.

ಕಿಟಕಿಯ ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ, ಒಂದೊಂದಾಗಿ ನೋಡಿದರು. ತಿಳಿದವರು ನೋಡುವ ರೀತಿ ಅದು. ರೇವಮ್ಮ ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

"ಬಲು ಚೆನ್ನಾಗಿದೆ" ಎಂದರು ಸುವರ್ಣಮ್ಮ. ಆರನೆಯದನ್ನು ಕೈಯಲ್ಲಿ ಹಿಡಿದು, "ಇದೊಂದು ಹಳೇ ನೂಲು, ಅಲ್ವೇನಮ್ಮ? ಬಿಚ್ಚಿ ಹಾಕಿದ್ದು. ಏನನ್ನ ಬಿಚ್ಚಿದೆ?"

ಗಂಗಾಂಬಿಕೆ ತಾಯಿಯ ಕಡೆ ನೋಡಿದಳು. ನೀಲಗಂಗಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹುಡುಗಿ ಬಾಗಿಲ ಸಂದಿಯ ಕಡೆ ನೋಡಿದಳು.

"ನಮ್ಮತ್ಗೆದು ತೊಟ್ಲು ಹೊದಿಕೆ" ಎಂದಳು. ಸ್ವಲ್ಪ ತಡೆದು, "ಹಾಕಿದ್ದೂ ನಮ್ಮತ್ಗೇನೇ. ನಂಗೆ ಬರಾಕಿಲ್ಲ."

ಈಶ್ವರಯ್ಯ ಲೋಟದಲ್ಲಿದ್ದ ಕಾಫಿಯನ್ನೇ ನೋಡುತ್ತ ಕೂತರು. ಚನ್ನಬಸವಯ್ಯ ಕೆಮ್ಮಿದರು. ಸಂಬಂಧ ಮುರಿಯಿತು, ತಪ್ಪು ಎಲ್ಲಾ ನನ್ನ ತಲೆ ಮೇಲೇ ಬರುತ್ತದೆ ಎಂದುಕೊಂಡಳು ರೇವಮ್ಮ. ಹಾಗೆಂದುಕೊಂಡರೂ ಎದೆ ಹೊಡೆದುಕೊಳ್ಳಲಿಲ್ಲ. ಅಷ್ಟು ದಣಿದಿದ್ದಳು.

"ಕರೀರಿ ಅವರನ್ನ" ಎಂದರು ಸುವರ್ಣಮ್ಮ.

ರೇವಮ್ಮ ಕೈ ಒರೆಸಿಕೊಂಡು ಬಂದು ನಿಂತಳು. ಸುವರ್ಣಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟಿರಲಿಲ್ಲ.

"ಈ ಅಂಚು ಎಲ್ಲಿ ಕಲಿತಿರಿ?"

"ಹಾಸನದಲ್ಲೇ. ಮಿಷನ್ ಶಾಲೇಲಿ."

"ಅದಕ್ಕೇ. ನಾನೂ ಅಲ್ಲೇ ಎರಡು ವರ್ಷ ಹೋಗಿದ್ದೆ. ನನ್ನ ಕೈಗೆ ಹತ್ತಲೇ ಇಲ್ಲ." ಅವರು ಗಂಡನ ಕಡೆ ತಿರುಗಿ ಕಣ್ಣಲ್ಲೇ ಏನೋ ಕೇಳಿ, ಮತ್ತೆ ಈಚೆ ತಿರುಗಿದರು. "ಹುಡುಗಿ ನಮಗೆ ಒಪ್ಪಿಗೆ. ಕೇಳಿದ್ದಕ್ಕೆ ನೆಟ್ಟಗೆ ಹೇಳಿದಳು. ಆದರೆ ಆರು ಸಾಲಲ್ಲ. ನಮ್ಮ ಮೇಜು ಹನ್ನೆರಡು ಜನ ಕೂರೋದು. ಮದುವೆ ಹೊತ್ತಿಗೆ ಇನ್ನಾರು ಇದೇ ಕೈಲಿ ಆಗಬೇಕು."

"ಅವ್ವ, ಮನೇಲಿ ಇರೋದು ನಾವು ಮೂರೇ ಜನ" ಎಂದ ಗೌರೀಶಂಕರ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. ಗಂಗಾಂಬಿಕೆ ತಲೆ ತಗ್ಗಿಸಿದಳು, ನಗು ತಡೆಯುವುದಕ್ಕೆ.

ನೀಲಗಂಗಮ್ಮನಿಗೆ ಹೋದ ಜೀವ ಬಂದಂತಾಗಿತ್ತು. "ಅದಕ್ಕೇನಂತೆ, ಹಾಕ್ಕೊಡ್ತಾಳೆ ಬುಡಿ. ಆರಲ್ಲದಿದ್ರೆ ಹತ್ತು."

"ಇಲ್ಲ ಅತ್ತೆ" ಎಂದಳು ರೇವಮ್ಮ.

ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿಸಿತು. ಜೋರಾಗಿಯೇನೂ ಇರಲಿಲ್ಲ. ಸುವರ್ಣಮ್ಮನ ಕಡೆ ತಿರುಗಿ, "ತಪ್ಪು ತಿಳೀಬೇಡಿ ಕಣಮ್ಮ. ನನ್ನ ಕೈಲಾಗಲ್ಲ. ಕಣ್ಣು ಕಾಣಾಕಿಲ್ಲ. ಇವು ಆರೂ ಹೆಂಗೆ ಮುಗಿಸಿದೆ ಅಂತ ನಂಗೇ ಗೊತ್ತಿಲ್ಲ" ಎಂದಳು. ಇನ್ನೂ ಏನೋ ಹೇಳುವುದಿತ್ತು, ಮರೆತುಹೋಯಿತು. ಒಳಕ್ಕೆ ಹೋಗಿ ಒಲೆಯ ಮುಂದೆ ಕೂತಳು.

ಹೊರಗೆ ಸುವರ್ಣಮ್ಮ, "ಹೋಗಲಿ, ಇರುವಷ್ಟು ಸಾಕು" ಎಂದದ್ದು ಕೇಳಿಸಿತು. ಎಲೆ ಅಡಿಕೆ ಕೊಟ್ಟು, ಮಾತು ಮುಗಿಸಿ, ಹಾಸನದವರು ಹೊತ್ತು ಮುಳುಗುವ ಮುಂಚೆ ಬಸ್ಸಿಗೆ ಹೊರಟರು. ಆರು ಹಾಸನ್ನೂ ಮಡಿಸಿ ಕೈಚೀಲಕ್ಕೆ ಹಾಕಿಕೊಂಡೇ ಹೋದರು.

ಬೀಗರನ್ನು ಬಸ್ಸು ಹತ್ತಿಸಿ ಬಂದ ಚನ್ನಬಸವಯ್ಯ ಅಡಿಗೆಮನೆಗೆ ಬಂದು ಮಣೆಯ ಮೇಲೆ ಕೂತರು.

"ಬಂದೋರ ಮುಂದೆ ಹಂಗೆ ಅನ್ನಬಾರದಿತ್ತು."

"ಹೊರಗಿನೋರು ಇಲ್ಲದಾಗಲೂ ಅಂದಿದ್ದೆ. ಯಾರೂ ಕೇಳ್ಲಿಲ್ಲ."

ಅವರ ಕಣ್ಣು ಹೆಂಡತಿಯ ಅಂಗೈಯ ಗಾಯದ ಮೇಲೆ ಹೋಯಿತು. ಮುಂದಿನ ಸೋಮವಾರದಿಂದ ಮಂಡಿಯ ಹಿಂದಿನ ಚಪ್ಪರದಲ್ಲಿ ಬೇರೆ ಒಲೆ ಹೂಡಿಸಿ, ಆಳುಗಳಿಗೂ ಗಾಡಿಯವರಿಗೂ ಅಡಿಗೆ ಮಾಡಲು ಮಾಯಮ್ಮ ಎಂಬ ಹೆಂಗಸನ್ನು ಗೊತ್ತು ಮಾಡಿದರು. ನೀಲಗಂಗಮ್ಮ ಎಂಟು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಒಂಬತ್ತನೆಯ ದಿನ ಸಾರಿಗೆ ಉಪ್ಪು ಸಾಲದು ಎಂದರು. ಅಲ್ಲಿಗೆ ಮಾತು ಶುರುವಾಯಿತು.

ಮದುವೆ ಕಾರ್ತಿಕಕ್ಕೆ ನಿಶ್ಚಯವಾಯಿತು. ಒಂದು ಮಧ್ಯಾಹ್ನ ಗಂಗಾಂಬಿಕೆ ಕ್ರೋಶಾ ಕಡ್ಡಿಯನ್ನೂ ಎಲ್ಲಿಂದಲೋ ಸಂಪಾದಿಸಿದ ಹಳದಿ ನೂಲನ್ನೂ ಹಿಡಿದು ಜಗಲಿಗೆ ಬಂದಳು.

"ಹೇಳ್ಕೊಡು ಅತ್ಗೆ. ಕೆಟ್ಟೋದ್ರೂ ಚಿಂತೆ ಇಲ್ಲ, ಒಂದನ್ನಾದ್ರೂ ನಾನು ಹಾಕ್ಕೊಂಡು ಹೋಗ್ಬೇಕು."

ರೇವಮ್ಮ ಕಡ್ಡಿ ಹಿಡಿಯುವುದನ್ನು ತೋರಿಸಿ, ಜಗಲಿಯ ಕಂಬಕ್ಕೆ ತಲೆ ಒರಗಿಸಿದಳು. ಹುಡುಗಿಯ ಸರಪಣಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಕಿತ್ತುಕೊಂಡು ಸರಿಮಾಡಲು ಕೈ ಒಮ್ಮೆ ಮುಂದಕ್ಕೆ ಹೋಯಿತು, ಹಾಗೇ ಮಡಿಲಿಗೆ ಬಂತು.

"ತಿರುಗಿಸೋವಾಗ ಎಷ್ಟು ಸರಪಣಿ ಬಿಡಬೇಕು?"

"ಮೂರು" ಎಂದಳು, ಕಣ್ಣು ಮುಚ್ಚಿಕೊಂಡೇ.

"ಈ ಮೂಲೆಗೆ?"

"ಐದು."

ಗಂಗಾಂಬಿಕೆ ಹಾಕುತ್ತ ಹೋದಳು, ತಪ್ಪಿದಳು, ಬಿಚ್ಚಿದಳು. ಆಮೇಲೆ ಇನ್ನೇನೋ ಕೇಳಿದಳು. ಉತ್ತರ ಬಾರದೆ ತಲೆಯೆತ್ತಿ ನೋಡಿದರೆ ಅತ್ತಿಗೆಗೆ ನಿದ್ದೆ ಹತ್ತಿತ್ತು. ಎಬ್ಬಿಸಲಿಲ್ಲ. ತನಗೆ ತೋಚಿದಷ್ಟು ಕಂಬ ಹಾಕಿ ಮುಂದಿನ ಸಾಲಿಗೆ ತಿರುಗಿಸಿಕೊಂಡಳು.