ಊರು ತೋರಿಸುವ ವರ್ನಾ

ಪೋರ್ಟ್ ಮೆರಿಯನ್ ನಗರಸಭೆಯ ಉದ್ಯಮ ಪ್ರಚಾರ ಕಚೇರಿ ಎಂದರೆ ವರ್ನಾ ಕೊಮೋ, ನಾನು, ಮತ್ತು ಚಳಿಗಾಲದಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗದ ಒಂದು ಬಿಳಿ ವ್ಯಾನು. ಅವಳು ಮಾತಾಡುತ್ತಿದ್ದಳು, ನಾನು ಓಡಿಸುತ್ತಿದ್ದೆ. ಕಾರ್ಖಾನೆಗೆ ಜಾಗ ಹುಡುಕುವವರು ಯಾರಾದರೂ ಬಂದರೆ ಹ್ಯಾಲಿಫ್ಯಾಕ್ಸ್ ವಿಮಾನ ನಿಲ್ದಾಣದಿಂದ ಕರೆತರುವುದು, ಬಂದರು ತೋರಿಸುವುದು, ಹಿಂದೆ ಮೀನು ಸಂಸ್ಕರಣೆಯ ಕಾರ್ಖಾನೆ ಇದ್ದ ಖಾಲಿ ಜಾಗ ತೋರಿಸುವುದು, ಹೊಸ ಗ್ರಂಥಾಲಯ ತೋರಿಸುವುದು, ಚೌಡರ್ ಎಂಬ ಬಿಸಿ ಮೀನಿನ ಸೂಪು ಕುಡಿಸಿ ಮರಳಿ ವಿಮಾನ ಹತ್ತಿಸುವುದು. ಯಾವ ಬೀದಿಗೆ ವ್ಯಾನು ತಿರುಗಿಸಬಾರದು ಎಂಬುದು ನನಗೆ ಬಾಯಿಪಾಠವಾಗಿತ್ತು. ಬಂದವರೆಲ್ಲ ಸಮುದ್ರ ನೋಡಿ ಬಾಯಿ ತುಂಬ ಹೊಗಳುತ್ತಿದ್ದರು. ಹೊಗಳಿ ಹೋಗಿ, ಕಾರ್ಖಾನೆಯನ್ನು ಬೇರೆಲ್ಲೋ ಹಾಕುತ್ತಿದ್ದರು.

ವರ್ನಾ ಬೇಸರ ತೋರಿಸಿಕೊಳ್ಳುವ ಪೈಕಿಯವಳಲ್ಲ. ಆದರೆ ಅರವತ್ತು ದಾಟಿದ ಮೇಲೆ, ಅತಿಥಿಗಳನ್ನು ಇಳಿಸಿ ಮರಳುವಾಗ ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಳ್ಳತೊಡಗಿದಳು. ಒಮ್ಮೆ ಹಾಗೇ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಎಮೆಟ್, ನನ್ ಮುಖ ಇನ್ನೂ ನಗ್ತಾ ಇದ್ಯಾ? ನೋಡಿ ಹೇಳೋ."

"ಸ್ವಲ್ಪ ನಗ್ತಾ ಇದೆ."

"ಅದಕ್ಕೇ ದವಡೆ ನೋವು," ಎಂದಳು.

ಅವಳ ಕೈಯಲ್ಲಿ ಹೇಳಿಕೊಳ್ಳಬಹುದಾದ ಗೆಲುವು ಒಂದೇ ಇತ್ತು: ಓರೆಸ್ಟ್ ಮೆಲ್ನಿಕ್. ಓರೆಸ್ಟ್ ಸಸ್ಕಟೂನಿನವನು. ಗೋಧಿ ಹೊಲಗಳ ನಡುವೆ ಕೂತು, ಮೀನು ಸಾಕಲು ಬೇಕಾದ ಫೈಬರ್‌ಗ್ಲಾಸಿನ ದೊಡ್ಡ ದೊಡ್ಡ ತೊಟ್ಟಿಗಳನ್ನು ಮಾಡುತ್ತಿದ್ದ. ಮೀನು ಸಾಕುವವರೆಲ್ಲ ಸಮುದ್ರದ ಹತ್ತಿರ ಇರುವಾಗ ನೀವಲ್ಲಿ ಏನು ಮಾಡುತ್ತಿದ್ದೀರಿ ಎಂದು ವರ್ನಾ ಒಂದು ಪ್ರದರ್ಶನದಲ್ಲಿ ಅವನನ್ನು ಹಿಡಿದು ಕೇಳಿದ್ದಳಂತೆ. ಮುಂದಿನ ಬೇಸಿಗೆಗೆ ಅವನು ಯಂತ್ರ, ಅಚ್ಚು, ಹೆಂಡತಿ ಡಾರಿಯಾ ಎಲ್ಲವನ್ನೂ ಕಟ್ಟಿಕೊಂಡು ಬಂದುಬಿಟ್ಟ. ಮನೆ ಹುಡುಕಿಕೊಟ್ಟವಳು ವರ್ನಾ. ಡಾರಿಯಾಳಿಗೆ ಹಲ್ಲಿನ ಡಾಕ್ಟರನ್ನೂ ಬೀಟ್‌ರೂಟು ಮಾರುವವರನ್ನೂ ತೋರಿಸಿಕೊಟ್ಟವಳೂ ಅವಳೇ. ಊರಿನ ಹಲವರಿಗೆ ಅಲ್ಲಿ ಕೆಲಸ ಸಿಕ್ಕಿತು. ವರ್ನಾಳ ಮಗಳು ಕೋರಲ್ ಕೂಡ ಅಲ್ಲೇ ಅಚ್ಚಿಗೆ ರಾಳ ಹಚ್ಚುವ ಕೆಲಸ ಕಲಿತು, ಆಮೇಲೆ ಉಳಿದವರಿಗೆ ಕಲಿಸುವಷ್ಟು ಪಳಗಿದಳು. ನಮ್ಮ ಪ್ರಚಾರ ಪುಸ್ತಿಕೆಯ ಮುಖಪುಟದಲ್ಲಿ ಓರೆಸ್ಟನ ಫೋಟೋ ಇತ್ತು: ತೊಟ್ಟಿಯೊಂದರ ಒಳಗೆ ನಿಂತು, ಸ್ನಾನಕ್ಕಿಳಿದವನಂತೆ ನಗುತ್ತಿದ್ದಾನೆ.

ಆ ಫೋಟೋ ನೋಡಿಯೇ ಹೆಡಿ ಫೇರ್ ನಮ್ಮೂರನ್ನು ನೋಡಬೇಕೆಂದು ಹೊರಟಿದ್ದು. ವಿನಿಪೆಗ್‌ನ ಒಂದು ಕಂಪನಿ ದೋಣಿಗಳಿಗೆ ಬ್ಯಾಟರಿ ಮಾಡುವ ಕಾರ್ಖಾನೆ ಹಾಕಲು ಕಡಲತೀರದಲ್ಲಿ ಜಾಗ ನೋಡುತ್ತಿತ್ತು. ಜಾಗ ನೋಡಿ ಬರುವ ಹೊಣೆ ಈಕೆಯದು. ಎಲ್ಲೆಲ್ಲೋ ಸುತ್ತಿ, ಕೊನೆಗೆ ಅವರ ಮುಂದೆ ಉಳಿದಿದ್ದು ನಾವು ಮತ್ತು ರೈಲು ದಾರಿಯ ಪಕ್ಕದ ಗ್ಲೆನ್‌ಹಾರ್ಬರ್. "ನಿಮ್ಮ ಮುಖಪುಟದ ಮನುಷ್ಯನನ್ನು ನೋಡಬೇಕು, ಒಂದು ತಾಸು ಕೊಡಿ," ಎಂದು ಆಕೆ ಮೊದಲೇ ತಿಳಿಸಿದ್ದಳು. ಮೇಯರ್ ಕ್ರೈಟನ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೀಪದ ಕಂಬಗಳಿಗೆಲ್ಲ ಹೂವಿನ ಬುಟ್ಟಿ ತೂಗುಹಾಕಿಸಿದ.

ಆಕೆ ಬರುವ ಹಿಂದಿನ ದಿನ, ಭಾನುವಾರ, ಓರೆಸ್ಟ್ ವರ್ನಾಳ ಮನೆಗೆ ಬಂದ. ಇದನ್ನು ನನಗೆ ಹೇಳಿದವಳು ವರ್ನಾಳೇ, ಮರುದಿನ ವಿಮಾನ ನಿಲ್ದಾಣದ ದಾರಿಯಲ್ಲಿ. ಅವನು ಒಳಗೆ ಬರಲಿಲ್ಲವಂತೆ. ಮೆಟ್ಟಿಲ ಮೇಲೆ ಟೋಪಿ ಹಿಡಿದು ನಿಂತೇ ಇದ್ದನಂತೆ.

"ಮುಚ್ತಾ ಇದ್ದೀನಿ ವರ್ನಾ. ನನ್ ಗಿರಾಕಿ ಕಂಪನಿಗಳನ್ನೆಲ್ಲ ನಾರ್ವೆಯವರ್ಯಾರೋ ಕೊಂಡ್ಕೊಂಡ್ರು. ತೊಟ್ಟಿ ಇನ್ನು ಅಲ್ಲಿಂದಾನೇ ಬರುತ್ತಂತೆ. ಕೆಲಸದವರಿಗೆಲ್ಲ ಶುಕ್ರವಾರವೇ ಹೇಳ್ದೆ. ಹೊರಗೆ ಬಾಯಿ ಬಿಡ್ಬೇಡಿ, ವರ್ನಾಗೆ ನಾನೇ ಹೇಳ್ತೀನಿ ಅಂದೆ."

ಓರೆಸ್ಟನೇ ಮುಂದುವರಿಸಿದ.

"ನಾಳೆ ನಿನ್ ಅತಿಥಿ ಬರ್ತಾಳಲ್ಲ. ಯೋಚನೆ ಮಾಡ್ಬೇಡ. ಏನ್ ಬೇಕೋ ಅದನ್ನೇ ಹೇಳ್ತೀನಿ. ಅಷ್ಟಾದ್ರೂ ಮಾಡ್ದೆ ಹೋದ್ರೆ ಹೇಗೆ?"

ಬೆಳಿಗ್ಗೆ ಅವಳು ಮೇಯರನಿಗೆ ಫೋನು ಮಾಡಿ ವಿಷಯ ತಿಳಿಸಿದ್ದಳು. ಅವನು, "ಒಂದು ತಾಸು ತಾನೇ? ಅವನು ಬಾಯಿಗೆ ಬೀಗ ಹಾಕ್ಕೊಳ್ಳಲಿ. ಆಕೆ ಸಹಿ ಹಾಕಿದ್ಮೇಲೆ ಯಾರು ಏನ್ ಬೇಕಾದ್ರೂ ಮುಚ್ಕೊಳ್ಳಿ," ಎಂದನಂತೆ.

"ಕೋರಲ್ ನಿಂಗೆ ಹೇಳ್ಲಿಲ್ವಾ?" ನಾನು ಕೇಳಿದೆ.

"ಇಲ್ಲ. ಭಾನುವಾರ ಊಟಕ್ಕೆ ಬಂದಿದ್ಲು. ನನ್ನೆದುರೇ ಕೂತು ಆಲೂಗಡ್ಡೆ ತಿಂದ್ಕೊಂಡು ಹೋದ್ಲು. ಸಾಯಂಕಾಲ ಓರೆಸ್ಟ್ ಬಂದ. ನಾನೂ ಅವಳಿಗೆ ಫೋನ್ ಮಾಡ್ಲಿಲ್ಲ." ಅವಳು ಕಿಟಕಿಯ ಹೊರಗೆ ನೋಡಿದಳು. "ಏನಂತ ಮಾಡ್ಲಿ? ಮಾತಾಡೋ ಕೆಲಸ ಮಾಡಿ ಮಾಡಿ, ಮನೆಗೆ ಬಂದ್ರೆ ಬಾಯಿ ತೆರೆಯೋಕೇ ಆಗಲ್ಲ ನಂಗೆ."

ಹೆಡಿ ಫೇರ್ ನಾವು ಅಂದುಕೊಂಡ ಹಾಗಿರಲಿಲ್ಲ. ಸಮುದ್ರ ನೋಡಿ ಹೊಗಳಲಿಲ್ಲ. ಗ್ರಂಥಾಲಯದ ಮುಂದೆ ವ್ಯಾನು ನಿಧಾನ ಮಾಡಿದಾಗ, "ಚೆನ್ನಾಗಿದೆ, ಮುಂದೆ ಹೋಗೋಣ," ಎಂದಳು. ಬಂದರಿನಲ್ಲಿ ಇಳಿದು ಗಾಳಿಗೆ ಕೋಟು ಬಿಗಿಹಿಡಿದು, ಇಲ್ಲಿಂದ ಮಾಲು ಹೊರಡಲು ಎಷ್ಟು ಲಾರಿ, ಚಳಿಗಾಲದಲ್ಲಿ ರಸ್ತೆ ಎಷ್ಟು ಸಲ ಮುಚ್ಚುತ್ತದೆ, ಕೈಯಿಂದ ಕೆಲಸ ಮಾಡಬಲ್ಲವರು ಸಿಗುತ್ತಾರಾ ಎಂದು ಕೇಳಿದಳು. ವರ್ನಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಅವಳ ದನಿ ಎಂದಿನ ಹಾಗೇ ಇತ್ತು. ನನಗೊಬ್ಬನಿಗೇ ಗೊತ್ತಾಗುವಂತೆ, ವಾಕ್ಯಗಳ ಕೊನೆ ಮಾತ್ರ ಜೋತುಬೀಳುತ್ತಿತ್ತು.

ಓರೆಸ್ಟನ ಕಾರ್ಖಾನೆಯ ಬಾಗಿಲು ತೆರೆದೊಡನೆ ರಾಳದ ಘಾಟು ಮೂಗಿಗೆ ಬಡಿಯಿತು. ಅವನು ಹೊಸ ಶರಟು ಹಾಕಿಕೊಂಡು ಕಾಯುತ್ತಿದ್ದ. ಡಾರಿಯಾ ಬೆಣ್ಣೆ ಬಿಸ್ಕತ್ತು, ಚಹಾ ಇಟ್ಟಿದ್ದಳು. ಒಳಗೆ ಏಳೆಂಟು ಜನ ಕೆಲಸ ಮಾಡುತ್ತಿದ್ದರು. ಯಾರೂ ತಲೆ ಎತ್ತಿ ನೋಡಲಿಲ್ಲ. ಕೋರಲ್ ಒಂದು ಅಚ್ಚಿನ ಪಕ್ಕ ಮಂಡಿಯೂರಿ ರೋಲರ್ ಎಳೆಯುತ್ತಿದ್ದಳು. ಹೆಡಿ ನೇರ ಅವಳ ಹತ್ತಿರವೇ ಹೋಗಿ ನಿಂತು, ಬಹಳ ಹೊತ್ತು ಆ ಕೈಗಳನ್ನೇ ನೋಡಿದಳು. ಗಾಳಿಗುಳ್ಳೆ ಒಂದೂ ಉಳಿಯದಂತೆ ಒತ್ತುವುದನ್ನು ಯಾರು ಕಲಿಸಿದರು ಎಂದು ಕೇಳಿದಳು. ಕೋರಲ್ ಗದ್ದದಿಂದ ಓರೆಸ್ಟನ ಕಡೆ ತೋರಿಸಿದಳು.

ಆಗ ಹೆಡಿ ಓರೆಸ್ಟನತ್ತ ತಿರುಗಿದಳು. "ಒಂದೇ ಮಾತು ಕೇಳ್ತೀನಿ. ನೀವೂ ನಮ್ಮ ಗೋಧಿ ಬಯಲಿನ ಕಡೆಯಿಂದಾನೇ ಬಂದವರು. ಇಲ್ಲಿಗೆ ಬಂದಿದ್ದು ಒಳ್ಳೇದಾಯ್ತಾ?"

"ಒಳ್ಳೇದಾಯ್ತಾ ಅಂದ್ರೆ!" ಓರೆಸ್ಟ್ ಕೈ ಎರಡೂ ಅಗಲ ಮಾಡಿದ. "ಇದಕ್ಕಿಂತ ಒಳ್ಳೇ ಜಾಗ ಪ್ರಪಂಚದಲ್ಲೇ ಇಲ್ಲ. ಗಿರಾಕಿ ಮನೆ ಬಾಗಿಲಲ್ಲೇ. ನಗರಸಭೆಯೋರು ಕರೆದ್ರೆ ಓಡಿ ಬರ್ತಾರೆ. ಬರೋ ವರ್ಷ ಹಿಂದಿನ ಗೋಡೆ ಒಡೆದು ದೊಡ್ಡದು ಮಾಡ್ಬೇಕು ಅಂತಿದ್ದೀನಿ. ಜಾಗ ಸಾಲಲ್ಲ ನೋಡಿ!"

ಸುಳ್ಳನ್ನು ಅವನು ಅಷ್ಟು ಚೆನ್ನಾಗಿ ಹೇಳಬಲ್ಲ ಎಂದು ನಾನು ಎಣಿಸಿರಲಿಲ್ಲ. ಡಾರಿಯಾ ಚಹಾದ ಲೋಟಗಳನ್ನು ಅತ್ತಿಂದಿತ್ತ ಸರಿಸುತ್ತ ನಿಂತಳು.

ಕೋರಲ್ ರೋಲರ್ ಕೆಳಗಿಟ್ಟು ಎದ್ದು ನಿಂತಳು. ಮುಖಕ್ಕೆ ಹಾಕಿದ್ದ ಮಾಸ್ಕು ಕೆಳಗೆಳೆದಳು.

"ಗೋಡೆ ಒಡೀತೀರಾ? ಹಂಗಾದ್ರೆ ನನ್ನನ್ನ ಯಾಕೆ ಮನೆಗೆ ಕಳಿಸ್ತಿದ್ದೀರಿ ಓರೆಸ್ಟ್? ಕೆಲ್ವಿನ್‌ನ ಯಾಕೆ ಕಳಿಸ್ತಿದ್ದೀರಿ? ಅವನ ಹೆಂಡ್ತಿ ಬಸುರಿ."

ಕೋರಲ್ ತಾಯಿಯ ಮುಖ ನೋಡಿದಳು, ಅಲ್ಲಿ ಆಶ್ಚರ್ಯ ಕಾಣಲಿಲ್ಲ.

"ಅಮ್ಮ! ನಿಂಗೂ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು."

"ಗೊತ್ತಿದ್ದೂ ಇವರನ್ನ ಇಲ್ಲಿಗೆ ಕರ್ಕೊಂಡ್ ಬಂದು ಈ ನಾಟಕ ನೋಡ್ತಾ ನಿಂತಿದ್ಯಾ?"

"ನಿಂಗೆ ಶುಕ್ರವಾರವೇ ಗೊತ್ತಿತ್ತಲ್ಲ. ನನ್ ಮನೇಲಿ ಕೂತು ಆಲೂಗಡ್ಡೆ ತಿಂದ್ಯಲ್ಲ ನೀನು."

"ನೀನು ಸುಸ್ತಾಗಿದ್ದೆ ಅಮ್ಮ. ಅದಕ್ಕೇ ಹೇಳ್ಲಿಲ್ಲ," ಎಂದಳು ಕೋರಲ್. ಅವಳ ದನಿ ಥಟ್ಟನೆ ಇಳಿಯಿತು.

ಇಂಥ ಹೊತ್ತಿನಲ್ಲಿ ವರ್ನಾ ನಕ್ಕು, ಏನೋ ಒಂದು ಹೇಳಿ, ಅತಿಥಿಯ ಮೊಣಕೈ ಹಿಡಿದು ಹೊರಗೆ ಕರೆದೊಯ್ಯುತ್ತಾಳೆಂದು ನಾನು ಕಾದೆ. ಅವಳು ಹಾಗೆ ಮಾಡಲಿಲ್ಲ. ಬೋರಲು ಹಾಕಿದ್ದ ಒಂದು ಚಿಕ್ಕ ತೊಟ್ಟಿಯ ಮೇಲೆ ಕೂತುಬಿಟ್ಟಳು. ಕೂತು, ಚಪ್ಪಟೆ ದನಿಯಲ್ಲಿ, ಎಲ್ಲವನ್ನೂ ಹೇಳಿದಳು. ಓರೆಸ್ಟನ ಗಿರಾಕಿಗಳು ಹೋದದ್ದು ಹೇಗೆ. ಲಾರಿಗಳು ವಾರಕ್ಕೆಷ್ಟು ಎಂದು ಬಂದರಿನಲ್ಲಿ ತಾನು ಕೊಟ್ಟ ಉತ್ತರ ಬೇಸಿಗೆಯದ್ದು, ಚಳಿಗಾಲದಲ್ಲಿ ಅದರ ಅರ್ಧವೂ ಇಲ್ಲ ಎನ್ನುವುದು. ನಾವು ಹೋಗದೆ ಬಿಟ್ಟ ಬೀದಿಯಲ್ಲಿ ಮುಚ್ಚಿಹೋದ ಎಷ್ಟು ಅಂಗಡಿಗಳಿಗೆ ಹಲಗೆ ಹೊಡೆದಿದೆ ಎನ್ನುವುದು.

"ಊರು ಕೆಟ್ಟದ್ದಲ್ಲ," ಎಂದಳು ಕೊನೆಗೆ. "ಜನ ಒಳ್ಳೇವರು, ಕೆಲಸ ಬಲ್ಲವರು. ಅದನ್ನ ನೀವೇ ನೋಡಿದ್ರಿ. ಆದ್ರೆ ಇದನ್ನ ಇನ್ನೊಂದ್ಸಲ ಬಣ್ಣ ಹಚ್ಚಿ ಹೇಳೋಕೆ ನನ್ ಕೈಲಿ ಆಗಲ್ಲ. ದಣಿದಿದ್ದೀನಿ."

ಹೆಡಿ ಚಹಾ ಲೋಟ ಕೈಗೆತ್ತಿಕೊಂಡು ಅವಳ ಪಕ್ಕದ ಇನ್ನೊಂದು ತೊಟ್ಟಿಯ ಮೇಲೆ ಕೂತಳು. "ನಂಗೂ ಸಾಕಾಗಿದೆ ಅನ್ನಿ," ಎಂದಳು. "ಎಲ್ಲಿಗೆ ಹೋದ್ರೂ ಹೂವಿನ ಬುಟ್ಟಿನೇ." ಆಮೇಲೆ ಕೋರಲ್‌ಳನ್ನೂ ಉಳಿದವರನ್ನೂ ಕರೆದು ಮಾತಾಡಿಸಿದಳು. ಒಂದು ತಾಸು ಎಂದದ್ದು ಊಟದ ಹೊತ್ತನ್ನೂ ದಾಟಿತು. ಮೇಯರ್ ಹೋಟೆಲಿನಲ್ಲಿ ಚೌಡರ್ ಎದುರಿಗಿಟ್ಟುಕೊಂಡು ಒಬ್ಬನೇ ಕೂತಿದ್ದ.

ಗ್ಲೆನ್‌ಹಾರ್ಬರ್‌ಗೇ ಕಾರ್ಖಾನೆ ಎಂಬ ಸುದ್ದಿ ಬೇಸಿಗೆ ಮುಗಿಯುವ ಮೊದಲೇ ಬಂತು. ಅದರ ಹಿಂದೆಯೇ ಕೋರಲ್‌ಗೊಂದು ಕರೆ. ಬ್ಯಾಟರಿಗಳನ್ನು ಇಡುವ ಪೆಟ್ಟಿಗೆಗಳು ಫೈಬರ್‌ಗ್ಲಾಸಿನವು. ಅವಳೂ ಕೆಲ್ವಿನ್ನನೂ ಓರೆಸ್ಟನ ಉಳಿದ ಕೆಲಸಗಾರರೂ ಬಂದರೆ ಹೆಡಿಗೆ ತಕ್ಷಣ ಬೇಕು, ಮನೆ ಸಾಗಿಸುವ ಖರ್ಚು ಕಂಪನಿಯದ್ದು. ನಮ್ಮೂರಿಗೆ ಕಾರ್ಖಾನೆ ತರಲೆಂದು ನಾವು ಕರೆಸಿಕೊಂಡವಳು, ಇದ್ದ ಜನರನ್ನೂ ಕಟ್ಟಿಕೊಂಡು ಹೋದಂತಾಯಿತು.

ಮೇಯರ್ ನಮ್ಮ ಕಚೇರಿಗೆ ಬಂದು ಬಾಗಿಲಲ್ಲೇ ನಿಂತು ಕೂಗಾಡಿದ. "ಭೇಷ್ ವರ್ನಾ! ಆ ಊರಿನೋರು ನಿಂಗೆ ಸಂಬಳ ಕೊಡ್ಬೇಕು! ನಿನ್ ಮಗಳನ್ನೇ ಕೊಟ್ಟು ಕಳಿಸ್ತಿದ್ದೀಯಲ್ಲ!"

ವರ್ನಾ ಅವನನ್ನು ನೋಡಿದಳು. "ಬಾಗಿಲು ಹಾಕ್ಕೊಂಡು ಹೋಗು," ಎಂದಳು, ಅಷ್ಟೇ.

ಕೋರಲ್ ಹೊರಟ ದಿನ ನಮ್ಮ ಬಿಳಿ ವ್ಯಾನನ್ನೇ ತೆಗೆದುಕೊಂಡು ಹೋಗಿ ಸಾಮಾನು ತುಂಬಿದೆವು. ಕೋರಲ್‌ಳ ಪುಟ್ಟ ಮಗಳು ಬೆಕ್ಕಿನ ಬುಟ್ಟಿ ಹಿಡಿದು ಆಗಲೇ ಕಾರಿನಲ್ಲಿ ಕೂತಿದ್ದಳು. ವರ್ನಾ ಮತ್ತು ಕೋರಲ್ ಹಾಸಿಗೆಯೊಂದನ್ನು ಎರಡು ತುದಿಯಲ್ಲಿ ಹಿಡಿದು ಮೆಟ್ಟಿಲಿಳಿದರು. ಅರ್ಧಕ್ಕೆ ನಿಂತು ಸುಧಾರಿಸಿಕೊಂಡರು.

"ಅಮ್ಮ, ಆವತ್ತು ನಾನು ಬಾಯಿ ಮುಚ್ಕೊಂಡಿದ್ರೆ…"

"ಬಂದಿದ್ರೂ ಒಂದೆರಡು ವರ್ಷಕ್ಕೆ ಅವ್ರೂ ಮುಚ್ಚೋರು. ಲಾರಿ ಇಲ್ದೆ ಏನ್ ಮಾಡ್ತಾರೆ? ಎತ್ತು, ಎತ್ತು, ಕೈ ಬಿದ್ದೋಗ್ತಿದೆ."

"ನೀನೂ ಬಂದ್ಬಿಡೇ ಅಮ್ಮ."

"ನಂಗೆ ಇಲ್ಲಿ ಕೆಲಸ ಇದೆ," ಎಂದಳು ವರ್ನಾ. ಅದು ಅವಳಿಗೇ ನಗು ಬರಿಸಿತು. ಇಬ್ಬರೂ ಹಾಸಿಗೆ ಹಿಡಿದುಕೊಂಡೇ ನಗತೊಡಗಿದರು. ನಗು ಮುಗಿಯುವಾಗ ಕೋರಲ್ ಅಳುತ್ತಿದ್ದಳು. ವರ್ನಾ ಅಳಲಿಲ್ಲ, ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಅದು ಅವಳಲ್ಲಿ ಇದ್ದಂತೆ ಕಾಣಲಿಲ್ಲ.

ಓರೆಸ್ಟ್ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಸ್ಕಟೂನಿಗೆ ಮರಳೋಣವೆಂದರೆ ಡಾರಿಯಾ ಒಪ್ಪಲಿಲ್ಲ. "ನನ್ ಗೆಳತಿಯರೆಲ್ಲ ಇಲ್ಲಿದಾರೆ, ನೀನು ಬೇಕಾದ್ರೆ ಹೋಗಿ ಗೋಧಿ ಕಾಯಿ," ಎಂದಳಂತೆ. ಅವನೀಗ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸಿಕೊಡುತ್ತಾನೆ. ಗುರುವಾರ ಸಂಜೆಗಳಲ್ಲಿ ವರ್ನಾ ಅವರ ಮನೆಗೆ ಇಸ್ಪೀಟು ಆಡಲು ಹೋಗುತ್ತಾಳೆ. ಆವತ್ತಿನ ಮಾತನ್ನು ಅವರು ಎತ್ತಿದ್ದನ್ನು ನಾನು ಕೇಳಿಲ್ಲ. ಮುಖಪುಟಕ್ಕೆ ಬೇರೆ ಫೋಟೋ ಹಾಕಬೇಕಾಯಿತು. ವರ್ನಾ ಬರಿಯ ಸಮುದ್ರವನ್ನು ಹಾಕಿಸಿದಳು. ನಿವೃತ್ತಿಯ ತನಕ ಅವಳು ಬಂದವರನ್ನು ಎಲ್ಲ ಬೀದಿಗಳಲ್ಲೂ ಸುತ್ತಿಸಿದಳು, ಹಲಗೆ ಹೊಡೆದ ಅಂಗಡಿಗಳ ಮುಂದೆಯೂ. ಯಾರೂ ಕಾರ್ಖಾನೆ ಹಾಕಲಿಲ್ಲ. ಮೊದಲೂ ಹಾಕುತ್ತಿರಲಿಲ್ಲ.

ಗ್ಲೆನ್‌ಹಾರ್ಬರ್ ಕಾರ್ಖಾನೆಯ ಬಾಗಿಲು ತೆರೆಯುವ ದಿನ ಕೆಲಸಗಾರರ ಮನೆಯವರನ್ನೆಲ್ಲ ಕರೆದಿದ್ದರು. ವರ್ನಾ ಬಸ್ಸಿಗೆ ಹೋಗುತ್ತೇನೆಂದಳು, ನಾನು ಕೇಳದೆ ಕಾರಿನಲ್ಲಿ ಕರೆದೊಯ್ದೆ. ಮಳೆ ಬಂದು ನಿಂತಿತ್ತು. ಹೊಸ ಕಟ್ಟಡದ ಮುಂದೆ ಕೆಸರೋ ಕೆಸರು. ಒಳಗೆ ಕೋರಲ್ ನೀಲಿ ಕೋಟು ಹಾಕಿಕೊಂಡು ಯಾರಿಗೋ ಏನೋ ವಿವರಿಸುತ್ತಿದ್ದಳು. ನಮ್ಮನ್ನು ಕಂಡು ಕೈಬೀಸಿದಳು, ಆದರೆ ಬಿಟ್ಟುಬರುವ ಹಾಗಿರಲಿಲ್ಲ. ನಾವು ಗೋಡೆ ಬದಿಯಲ್ಲಿ ಕಾದೆವು.

ಆಗ ಐವತ್ತರ ಆಚೀಚೆಯ ಒಬ್ಬ ಮನುಷ್ಯ ಕೈತುಂಬ ಪುಸ್ತಿಕೆ ಹಿಡಿದು ನಮ್ಮ ಹತ್ತಿರ ಬಂದ. ಆ ಊರಿನ ಉದ್ಯಮ ಪ್ರಚಾರದವನು. ಎದೆಯ ಮೇಲೆ ಹೆಸರು ಚುಚ್ಚಿಕೊಂಡಿದ್ದ: ಲಯಲ್. ಪ್ಯಾಂಟಿನ ತುದಿ ಕೆಸರಾಗಿತ್ತು.

"ಹೊರಗಿನವರಾ? ಗ್ಲೆನ್‌ಹಾರ್ಬರ್‌ಗೆ ಸ್ವಾಗತ! ಇಲ್ಲಿ ವ್ಯಾಪಾರ ಮಾಡೋಕೆ ಇರೋ ಅನುಕೂಲ ಎಲ್ಲೂ ಇಲ್ಲ ನೋಡಿ…" ಎಂದು ಶುರುಮಾಡಿದ. ರೈಲು ಎಂದ, ಬಂದರು ಎಂದ, ಒಳ್ಳೆಯ ಜನ ಎಂದ. ನಾನು ತಡೆಯಲು ಹೋದೆ. ವರ್ನಾ ನನ್ನ ತೋಳು ಒತ್ತಿ ಸುಮ್ಮನಿರಿಸಿದಳು. ಕೊನೆಯ ಮಾತಿನವರೆಗೂ ಅವನ ಮುಖವನ್ನೇ ನೋಡುತ್ತ, ತಲೆಯಾಡಿಸುತ್ತ ಕೇಳಿದಳು. ಅವನು ಮುಗಿಸಿ ಉಸಿರೆಳೆದುಕೊಂಡಾಗ ಪುಸ್ತಿಕೆ ತೆಗೆದುಕೊಂಡು ಕೇಳಿದಳು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

ಅವನು ತಬ್ಬಿಬ್ಬಾದ. "ಇಲ್ಲ… ಇನ್ನೂ ಒಂದು ಬಸ್ಸು ಬರೋದಿದೆ."

"ಕೂತ್ಕೊಳ್ಳಿ ಸ್ವಲ್ಪ," ಎಂದಳು ವರ್ನಾ. ಪಕ್ಕದ ಮೇಜಿನಿಂದ ಒಂದು ಸ್ಯಾಂಡ್‌ವಿಚ್ ತಂದು ಅವನ ಕೈಗಿಟ್ಟು, ಅವನ ಪುಸ್ತಿಕೆಗಳ ಕಟ್ಟನ್ನು ತಾನು ಇಸಿದುಕೊಂಡಳು. "ಬಸ್ಸು ಬರಲಿ. ಅಷ್ಟರವರೆಗೆ ಇವನ್ನ ನಾನು ಹಿಡ್ಕೊಂಡಿರ್ತೀನಿ."