ಮೂರನೇ ಬ್ಯಾರಕ್ಕಿಗೆ ಹತ್ತೊಂಬತ್ತು

ತಲೆ ಎಣಿಸದೆ ಒಲೆ ಹಚ್ಚಿ ಕೊಲ್ಲಾಪುರಮ್ಮನಿಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಹೊಳವನಹಳ್ಳಿ, ಕೊರಟಗೆರೆ ಸುತ್ತ ಮದುವೆ ಅಡುಗೆ ಮಾಡಿದ ಹೆಂಗಸು. ಹೋದ ವರ್ಷದಿಂದ ಕಾಂಟ್ರಾಕ್ಟ್ ಮೇಲೆ ಜೈಲಿನ ಅಡುಗೆಮನೆ ಅವಳದು. ಇಲ್ಲಿ ಪ್ರತಿ ಬ್ಯಾರಕ್ಕಿಗೂ ಕೈದಿಗಳಲ್ಲೇ ಒಬ್ಬ ಮೇಸ್ತ್ರಿ. ನಾಳೆ ಎಷ್ಟು ಜನಕ್ಕೆ ಬೇಯಿಸಬೇಕು ಎಂದು ಮಧ್ಯಾಹ್ನವೇ ಬಂದು ಹೇಳುವುದು ಅವನ ಕೆಲಸ.

ಆ ಗುರುವಾರ ಮೂರನೇ ಬ್ಯಾರಕ್ಕಿನ ಪ್ರಭುದೇವ್ ಬಂದ. ಪಾವಗಡ ಕಡೆಯವನು. ಮಾತು ಬೆಣ್ಣೆ, ಮೇಲಿರುವುದು ಕೊಲೆ ಕೇಸು.

"ಬೆಳಿಗ್ಗೆ ಉಪ್ಪಿಟ್ಟು ಹತ್ತೊಂಬತ್ತು ಜನಕ್ಕೆ ಸಾಕು ಕಣಮ್ಮ."

"ಇಪ್ಪತ್ತಲ್ವೇನಪ್ಪಾ?"

"ಹತ್ತೊಂಬತ್ತು," ಎಂದು ನಕ್ಕು ಹೋದ.

ಬಿಡುಗಡೆ ಯಾರಿಗೆ ಎಂದು ಅವಳು ವಾರ್ಡರ್ ನರಸಿಂಹರಾಜುವನ್ನು ಕೇಳಿದಳು. ಯಾರಿಗೂ ಜಾಮೀನು ಸಿಕ್ಕಿರಲಿಲ್ಲ.

"ಬಾಯ್ತಪ್ಪಿ ಅಂದಿರ್ತಾನೆ, ಬುಡಮ್ಮ ಅತ್ಲಾಗೆ."

ಅವಳಿಗೆ ಬಿಡಲಾಗಲಿಲ್ಲ. ಜನ ಹೆಚ್ಚಾದರು ಎಂದು ಕೊನೆಗಳಿಗೆಯಲ್ಲಿ ಓಡಿಬರುವ ಬೀಗರನ್ನು ನೂರಾರು ಕಂಡಿದ್ದಳು. ಮುಂಚೆಯೇ ಒಂದೆಲೆ ಕಡಿಮೆ ಹೇಳುವವನು ಗೊತ್ತಿದ್ದೇ ಹೇಳುತ್ತಾನೆ. ಒಲೆ ಪಕ್ಕದಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ರಂಗನಾಥನ ಕಡೆ ನೋಡಿದಾಗ ಆ ಒಂದೆಲೆ ಯಾರದೆಂದು ಅವಳಿಗೆ ಹೊಳೆಯಿತು. ಅಡುಗೆ ಕೆಲಸಕ್ಕೆ ಹಾಕಿದ್ದ ಈ ಕೈದಿಯೂ ಮೂರನೇ ಬ್ಯಾರಕ್ಕಿನವನೇ. ಪ್ರಭುದೇವನ ವಿರುದ್ಧ ಸಾಕ್ಷಿ ಹೇಳಲು ಸೋಮವಾರವಷ್ಟೇ ಒಪ್ಪಿದ್ದ. ಅಂಥ ಇಬ್ಬರನ್ನು ಒಂದೇ ಬೀಗದೊಳಗೆ ಮಲಗಿಸಿದ ಪುಣ್ಯಾತ್ಮ ಯಾರೋ, ಅವನ ಮನೆ ಹಾಳಾಗ!

"ನಿಂಗೆ ಹೆದರ್ಕೆ ಆಗಲ್ವೇನ್ಲಾ?"

"ಹೆದರಿ ಎಲ್ಲಿಗೋಗ್ಲಕ್ಕಾ? ಆರಕ್ಕೆ ಬೀಗ ಹಾಕ್ತಾರೆ," ಎಂದ ಅವನು, ಜರಡಿಯಿಂದ ತಲೆ ಎತ್ತದೆ.

ಅವನನ್ನು ಬೇರೆ ಬ್ಯಾರಕ್ಕಿಗೆ ಹಾಕಿಸಬಲ್ಲ ಜೈಲು ಸಾಹೇಬರು ರಜೆಯಲ್ಲಿದ್ದರು. ಗಂಟೆ ಐದಾಗಿತ್ತು. ಮುದ್ದೆಯ ಎಸರು ಕೊತಕೊತ ಕುದಿಯುತ್ತಿತ್ತು. ಕೊಲ್ಲಾಪುರಮ್ಮ ಒಂದು ಚೆಂಬು ಎಸರು ತೋಡಿಕೊಂಡಳು, ಅವನ ಹತ್ತಿರ ಬಂದಳು, ಬಲಗಾಲಿನ ಮೇಲೆ ಸುರಿದುಬಿಟ್ಟಳು.

"ಯಾವ ಜನ್ಮದ ಹಗೆನೇ ನಿಂದು!" ಎಂದು ಅವನು ನೆಲದ ಮೇಲೆ ಹೊರಳಾಡಿದ. ಕೈಜಾರಿತು ಎಂದು ಅವಳು ಓಡಿಬಂದವರಿಗೆಲ್ಲ ಹೇಳಿದಳು. ಆರು ಗಂಟೆಯ ಬೀಗಕ್ಕೆ ಮುಂಚೆ ಆಂಬುಲೆನ್ಸ್ ಅವನನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದಿತು. ಅವನ ಅರಚಾಟ ಕಿವಿಯಲ್ಲಿ ಉಳಿದಿದ್ದರೂ ಅವಳಿಗೆ ಸಮಾಧಾನವಾಗಿತ್ತು. ಕಾಲು ವಾಸಿಯಾಗುತ್ತದೆ, ಬದುಕಿಕೊಂಡನಲ್ಲ.

ಬೆಳಿಗ್ಗೆ ಉಪ್ಪಿಟ್ಟಿನ ಬಕೆಟ್ಟಿಗೆ ಪ್ರಭುದೇವನೇ ಬಂದ. ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಭಯವಾಗಿದ್ದು.

"ಪಾಪ, ರಂಗನಾಥಂಗೆ ಆಸ್ಪತ್ರೆಗೂ ಊಟ ನಮ್ ಕಿಚನ್ನಿಂದ್ಲೇ ಹೋಗ್ಬೇಕಂತೆ. ಕ್ಯಾರಿಯರ್ ಕಟ್ಟಿಡಮ್ಮ. ಗೇಟ್ ಹತ್ರ ನಮ್ಮೋನೊಬ್ಬ ಬತ್ತಾನೆ, ತಲುಪಿಸ್ತಾನೆ."

ಅವಳ ಕೈಯಲ್ಲಿದ್ದ ಸೌಟು ನಿಂತುಹೋಯಿತು. ತನ್ನ ಕೈಯಡುಗೆಯಲ್ಲೇ ಅವನನ್ನು ಮುಗಿಸಲು ಹೊರಟಿದ್ದಾರೆ. ನೆನೆಸಿಕೊಂಡರೆ ಮೈ ಉರಿಯಿತು.

"ಯಾರೂ ಬರದು ಬ್ಯಾಡ. ನಾನೇ ತಗೊಂಡೋಗ್ತೀನಿ. ದಿನಾ ನಾನೇ."

ಪ್ರಭುದೇವ್ ಅವಳ ಮುಖವನ್ನೇ ನೋಡಿದ. ಚೆಂಬು ಕೈಜಾರಿದ್ದಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಗೊತ್ತಾಯಿತೆಂದು ಅವಳಿಗೂ ತಿಳಿಯಿತು.

"ಹನ್ನೊಂದರ ಬಸ್ಸಾ?" ಎಂದ ಬಕೆಟ್ ಎತ್ತಿಕೊಳ್ಳುತ್ತ, ಮೆಲ್ಲಗೆ. "ಒಬ್ಬಳೇ ಹೋಗ್ತೀಯೇನಮ್ಮಾ?"

ಅವಳು ಬಿಸಿ ಮುದ್ದೆ, ಸೊಪ್ಪಿನ ಸಾರು ಹಾಕಿ ಕ್ಯಾರಿಯರ್ ಮುಚ್ಚಳ ಬಿಗಿದಳು. ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಎದೆಗವಚಿಕೊಂಡು ಒಬ್ಬಳೇ ನಿಂತಿದ್ದಳು.