ಪಥ್ಯದ ಮನೆಯ ಎಡೆ

ಗಂಡ ಸತ್ತು ಹನ್ನೊಂದು ದಿನವಾದರೂ ಲಕ್ಷ್ಮೀದೇವಿಯ ಕಣ್ಣಿಂದ ಒಂದು ಹನಿ ಉದುರಿರಲಿಲ್ಲ. ಊರಿನ ಬಾಯಿ ಸುಮ್ಮನಿರುತ್ತದೆಯೇ? ಹೆಂಗಸರು ಜಗಲಿ ಮೇಲೆ ಕೂತು, ಅವಳಿಗೆ ಕೇಳಿಸಲಿ ಅಂತಲೇ, "ಕಲ್ಲು ಕಣಮ್ಮ, ಕಲ್ಲು" ಅಂತ ಆಡಿಕೊಂಡರು. ಅವಳಿಗೆ ಬೇಜಾರಾಗಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ದವಡೆಯ ಹಾಗಿತ್ತು ಅವಳ ಮೈಯೆಲ್ಲ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ.

ಸತ್ತವನು ತಿಮ್ಮರಾಜು. ಕೊಳಾಲದ ಸುತ್ತಮುತ್ತ ಹಳ್ಳಿಗಳಲ್ಲಿ ದನಗಳಿಗೆ ಸೂಜಿ ಹಾಕಿಕೊಂಡು ತಿರುಗುತ್ತಿದ್ದ ಕಾಂಪೌಂಡರು. ಜನರ ಬಾಯಲ್ಲಿ ಮಾತ್ರ ದನದ ಡಾಕ್ಟ್ರು. ಎಷ್ಟು ಹೊತ್ತಿಗೆ ಫೋನು ಬಂದರೂ ಗಾಡಿ ಹತ್ತುವನು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗೂ ಅಲ್ಲ, ಮನೆಗೂ ಒಳ್ಳೆಯವನೇ. ಇದ್ದ ಐಬು ಒಂದೇ: ಯಾರಿಗೂ ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ. ಆ ಮಂಗಳವಾರ ಮಧ್ಯಾಹ್ನ ನರಸಪ್ಪನ ಹಟ್ಟಿಗೆ ಹೋಗಿ ವಾಪಸು ಬರುವಾಗ ದಾರಿಯಲ್ಲಿ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಕೂತವನು ಮತ್ತೆ ಏಳಲಿಲ್ಲ. ಹಾರ್ಟು ಅಂದರು ಡಾಕ್ಟರು. ಎಂಟು ವರ್ಷದ ಶುಗರು ಒಳಗೊಳಗೇ ಕೊರೆದು ಹಾಕಿತ್ತು ಅಂದರು.

ಡಾಕ್ಟರು ಏನಾದರೂ ಅನ್ನಲಿ, ಹೆತ್ತ ತಾಯಿ ಹನುಮಕ್ಕ ಹೆಣದ ಮೇಲೆ ಬಿದ್ದು ಊರೆಲ್ಲ ಕೇಳುವ ಹಾಗೆ ಅಂದದ್ದೇ ಬೇರೆ. "ಹೊಟ್ಟೆಗಿಕ್ಕದೆ ಸಾಯ್ಸಿಬುಟ್ಳಲ್ಲೋ ನನ್ ಮಗನ್ನ! ಒಂದು ಮುದ್ದೆಗೂ ಗತಿ ಇಲ್ದಂಗೆ ಮಾಡ್ಬುಟ್ಳಲ್ಲೋ!"

ಆ ಮಂಗಳವಾರ ಬೆಳಿಗ್ಗೆ ಸಕ್ಕರೆ ನೋಡುವ ಮಿಷನ್ನು ಖಾಲಿ ಹೊಟ್ಟೆಗೆ ಇನ್ನೂರ ಎಂಬತ್ತಾರು ತೋರಿಸಿತ್ತು. ಲಕ್ಷ್ಮೀದೇವಿಗೆ ರೇಗಿ ಹೋಗಿ ತಟ್ಟೆಗೆ ನಿಂಬೆಹಣ್ಣಿನಷ್ಟು ಮುದ್ದೆ ಇಟ್ಟಿದ್ದಳು. "ನಾಳೆಯಿಂದ ಇದೂ ಇಲ್ಲ" ಅಂದಿದ್ದಳು. ತಿಮ್ಮರಾಜು ತಟ್ಟೆ ನೋಡಿದ, ಹೆಂಡತಿ ಮುಖ ನೋಡಿದ, "ಆಯ್ತು ಬುಡು" ಅಂದ. ಎರಡೇ ತುತ್ತಿಗೆ ಮುಗಿಸಿ, ಬೆರಳು ಒಂದೊಂದಾಗಿ ನೆಕ್ಕಿ ಎದ್ದು ಹೋದ. ಆ ಬೆರಳು ನೆಕ್ಕಿದ್ದು ಅವಳ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಹನ್ನೊಂದು ದಿನವೂ ಅವಳ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಹಸ್ಕೊಂಡು ಸತ್ತರಾ? ಹೊಟ್ಟೆ ಚುರುಗುಟ್ಟಿಕೊಂಡೇ ಆ ಮರದಡಿ ಒರಗಿದರಾ? ಅದೊಂದು ಗೊತ್ತಾದರೆ ಸಾಕಿತ್ತು. ಹೇಳುವವರು ಯಾರು?

ಪಥ್ಯ ಶುರುವಾಗಿ ಆರು ವರ್ಷ. ಅದಕ್ಕೂ ಮುಂಚೆ ಅವರ ಮನೆಯಲ್ಲಿ ಶುಗರಿಗೆ ಒಂದೇ ಮದ್ದು. ಅನ್ನ ಬಿಟ್ಟು ಮುದ್ದೆ ಉಣ್ಣುವುದು. "ರಾಗಿ ತಿಂದವ ನಿರೋಗಿ" ಅಂತ ಹನುಮಕ್ಕ ಮಗನ ತಟ್ಟೆಗೆ ತೆಂಗಿನಕಾಯಿ ಗಾತ್ರದವು ಎರಡು ಬಡಿಸುವಳು. ಸಕ್ಕರೆ ಬದಲು ಕಾಫಿಗೆ ಬೆಲ್ಲ. ಇಷ್ಟೆಲ್ಲ ಬಾಯಿ ಕಟ್ಟಿದರೂ ಶುಗರು ಯಾಕಪ್ಪ ಇಳಿಯಲ್ಲ ಅಂತ ಮನೆ ಮಂದಿಗೆಲ್ಲ ಆಶ್ಚರ್ಯ! ಕೊನೆಗೆ ಗಂಡನನ್ನು ತುಮಕೂರಿನ ಆಸ್ಪತ್ರೆಗೆ ಕರಕೊಂಡು ಹೋದಾಗ, ಊಟದ ಕ್ರಮ ಹೇಳುವ ಸಹನಾ ಅನ್ನುವ ಹುಡುಗಿ ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ರಾಗಿ ಒಳ್ಳೇದೇ ಅಕ್ಕ. ಆದ್ರೆ ಅದೂ ಹೊಟ್ಟೆಗೋದ್ಮೇಲೆ ಸಕ್ಕರೇನೇ ಆಗೋದು. ಅನ್ನಕ್ಕಿಂತ ಒಂಚೂರು ನಿಧಾನಕ್ಕೆ ಆಗುತ್ತೆ, ಅಷ್ಟೆ. ಎರಡೆರಡು ತಿಂದ್ರೆ ಏನ್ ಬಂತು? ತಟ್ಟೇಲಿ ಅರ್ಧ ಸೊಪ್ಪು, ತರಕಾರಿ. ಕಾಲು ಭಾಗ ಕಾಳು. ಇನ್ನು ಕಾಲು ಭಾಗಕ್ಕೆ ಮುದ್ದೆಯೋ ಅನ್ನಾನೋ, ಯಾವುದಾದ್ರೂ ಒಂದು. ಮುದ್ದೆ ಮೂಸಂಬಿ ಗಾತ್ರ ಇರ್ಲಿ. ಬೆಲ್ಲ, ಸಕ್ಕರೆ ಎರಡೂ ಅಕ್ಕತಂಗೀರು, ಎರಡನ್ನೂ ಹೊರಗಿಡಿ. ಆದ್ರೆ ಉಪವಾಸ ಮಾತ್ರ ಕೆಡವಬೇಡಿ."

ಲಕ್ಷ್ಮೀದೇವಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೂಸಂಬಿ ಕೊಂಡು ಸೆರಗಲ್ಲಿ ಕಟ್ಟಿಕೊಂಡೇ ಬಸ್ಸು ಹತ್ತಿದಳು. ಅದು ಒಲೆಯ ಪಕ್ಕ ಸುಕ್ಕಾಗುವ ತನಕ ಇತ್ತು. ಆಮೇಲೆ ಅಳತೆಗೆ ಹಣ್ಣು ಬೇಕಾಗಲಿಲ್ಲ, ಅಂಗೈಗೇ ಗೊತ್ತಾಯಿತು. ಬಸ್ಸಾರು, ಹುರುಳಿಕಾಳು, ಅವರೆಕಾಳು, ನುಗ್ಗೆಸೊಪ್ಪು ಅಂತ ದಿನಕ್ಕೊಂದು ಮಾಡಿದಳು. ಗಂಡನ ಎದುರಿಗೆ ತಾನೊಬ್ಬಳು ಹೊಟ್ಟೆ ತುಂಬ ಉಂಡರೆ ಅವನ ಗಂಟಲಲ್ಲಿ ಇಳಿಯುತ್ತದೆಯೇ ಅಂತ ತಾನೂ ಅಷ್ಟೇ ಇಟ್ಟುಕೊಂಡಳು. ಅವಳಿಗೆ ಶುಗರೂ ಇರಲಿಲ್ಲ, ಗಿಗರೂ ಇರಲಿಲ್ಲ. ಹನುಮಕ್ಕನಿಗೆ ಬೇರೆ ದೊಡ್ಡ ಮುದ್ದೆ. ಸೊಸೆ ಯಾಕೆ ಇಷ್ಟೇ ತಿನ್ನುತ್ತಾಳೆ ಅಂತ ಅತ್ತೆಯಾಗಲಿ ಗಂಡನಾಗಲಿ ಕೇಳಿದವರಲ್ಲ.

ಮೊದಲ ವರ್ಷ ಶುಗರು ನೂರ ಮೂವತ್ತಕ್ಕೆ ಇಳಿಯಿತು. ಆಮೇಲೆ ಮೆಲ್ಲಗೆ ಏರತೊಡಗಿತು. "ಹೊರಗಡೆ ಏನಾದ್ರೂ ತಿಂತೀರಾ?" ಅಂತ ಕೇಳಿದರೆ, "ನಿನ್ನಾಣೆ ಕಣೆ, ಒಂದ್ ಲೋಟ ಕಾಫೀನೂ ಕುಡಿಯಲ್ಲ" ಅನ್ನುವನು. ಗಂಡ ಆಣೆ ಇಟ್ಟ ಮೇಲೆ ಮುಗಿಯಿತಲ್ಲ. ತಪ್ಪು ತನ್ನ ಕೈಯದೇ ಇರಬೇಕು, ಅಳತೆ ಜಾಸ್ತಿಯಾಗುತ್ತಿರಬೇಕು ಅಂದುಕೊಂಡು ಅವಳು ಮುದ್ದೆಯನ್ನು ಇನ್ನೂ ಚಿವುಟಿದಳು. ಅವನ ತಟ್ಟೆಯಲ್ಲೂ, ತನ್ನ ತಟ್ಟೆಯಲ್ಲೂ. ಸಹನಾ ಇನ್ನೊಂದು ಸಲ ಕರಕೊಂಡು ಬನ್ನಿ ಅಂದಿದ್ದಳು. ಅವನಿಗೆ ದನಗಳ ಕೆಲಸದಲ್ಲಿ ಪುರುಸೊತ್ತೇ ಸಿಗಲಿಲ್ಲ.

ತಿಥಿಯ ದಿನ ಎಡೆಯ ಯಜಮಾನಿಕೆ ಸಿದ್ದಗಂಗಯ್ಯನದು. ತಿಮ್ಮರಾಜುವಿನ ದೊಡ್ಡಪ್ಪನ ಮಗ, ಮನೆತನಕ್ಕೆ ಹಿರಿಯ. ನಡುಮನೆಯಲ್ಲಿ ಫೋಟೊ ಇಟ್ಟು, ಎದುರಿಗೆ ಬಾಳೆಲೆ ಹಾಸಿ, ಮುದ್ದೆ, ಬಾಡಿನ ಸಾರು, ಅನ್ನ, ವಡೆ, ಕಜ್ಜಾಯ ಇಡಿಸಿದ. ಆಮೇಲೆ ಬಾಗಿಲಿಗೆ ಬಂದು ಕೂಗಿದ. "ತಿಮ್ಮರಾಜಂಗೆ ಇಷ್ಟವಾದ್ದು ಏನಾರ ತಂದಿದ್ರೆ ತಂದಿಡ್ರಪ್ಪ. ಆಮೇಲೆ ಬಾಗಿಲು ಮುಚ್ಚಿಬುಡ್ತೀನಿ."

ಸತ್ತವರಿಗೆ ಬಾಯಿಗೆ ಹಿಡಿಸಿದ್ದನ್ನು ಎಡೆಗೆ ಇಡುವುದು ಅಲ್ಲಿನ ಪದ್ಧತಿ. ಕುಡಿಯುವವನಿಗೆ ಒಂದು ಕ್ವಾರ್ಟರು, ಬೀಡಿ ಸೇದುವವನಿಗೆ ಒಂದು ಕಟ್ಟು. ತಿಮ್ಮರಾಜುಗೆ ಆ ಚಟ ಯಾವುದೂ ಇರಲಿಲ್ಲವಾದ್ದರಿಂದ ಯಾರೂ ಏನೂ ತರುವುದಿಲ್ಲ ಅಂತ ಲಕ್ಷ್ಮೀದೇವಿ ಗೋಡೆಗೊರಗಿ ಕೂತಿದ್ದಳು.

ಮೊದಲು ಬಂದವನು ಹೋಟೆಲಿನ ವೆಂಕಟರಾಮಯ್ಯ. ಬಾಳೆಲೆ ಮೇಲೆ ಕೇಸರಿಬಾತಿನ ಪೊಟ್ಟಣ ಬಿಚ್ಚಿಟ್ಟು ಕೈ ಮುಗಿದ. "ದಿನಾ ಬೆಳಿಗ್ಗೆ ಇದೊಂದು ಪ್ಲೇಟ್ ತಿಂದೇ ಡ್ಯೂಟಿಗೆ ಹೋಗೋರು ಕಣಮ್ಮ. ಒಂದೇ ಒಂದು ಪ್ಲೇಟು. ಎರಡನೇದು ಕೊಡ್ತೀನಿ ಅಂದ್ರೂ ಬ್ಯಾಡ, ನಮ್ಮನೆಯೋಳು ಬೈತಾಳೆ ಅನ್ನೋರು."

ಹಿಂದೆಯೇ ಪಕ್ಕದ ಹಳ್ಳಿಯ ಪುಟ್ಟಕ್ಕ. ಅವಳ ಸ್ಟೀಲ್ ಡಬ್ಬಿಯ ತುಂಬ ಬೆಲ್ಲದ ಪಾಕ ಹಾಕಿ ಕಟ್ಟಿದ ಕಡ್ಲೆಬೀಜದ ಉಂಡೆ. "ನಮ್ಮೆಮ್ಮೆ ನೋಡಾಕೆ ಬಂದಾಗೆಲ್ಲ ಎರಡು ಜೇಬಿಗೆ ಹಾಕ್ಕಳ್ಳೋರು. ದಾರಿಗೆ ಆಯ್ತದೆ ಪುಟ್ಟಕ್ಕ ಅನ್ನೋರು. ದೇವ್ರಂಥ ಮನ್ಸ." ಮೂಗು ಒರೆಸಿಕೊಂಡು ಆಚೆ ಹೋದಳು.

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬರು ಹೋಳಿಗೆ ತಂದರು, ಒಬ್ಬರು ಬನ್ನು. ಯಾರೋ ಲೋಟದಲ್ಲಿ ಸಕ್ಕರೆ ಮುಂದಾಗಿ ಹಾಕಿದ ಕಾಫಿ ತಂದಿಟ್ಟು, "ಗಟ್ಟಿ ಸಿಹಿ ಇರ್ಬೇಕಿತ್ತು ಅವರ್ಗೆ" ಅಂದರು. ಬಾಳೆಲೆ ಸಾಲದೆ ಸಿದ್ದಗಂಗಯ್ಯ ಇನ್ನೊಂದು ಎಲೆ ಹಾಸಿದ. ಅದೂ ತುಂಬಿತು. ಬಂದವರೆಲ್ಲರ ಬಾಯಲ್ಲೂ ಅದೇ ಮಾತು: ಒಂದೇ ಕಣಮ್ಮ, ಚೂರೇ ಕಣಮ್ಮ. ಹನಿ ಹನಿ ಗೂಡಿದರೆ ಹಳ್ಳ ಅಂತ ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಿದ್ದವನು ಅವನೊಬ್ಬನೇ.

ಲಕ್ಷ್ಮೀದೇವಿ ನೋಡಿದಳು. ಅವಳ ತಲೆ ಅದರ ಪಾಡಿಗೆ ಅದು ಅಳೆಯತೊಡಗಿತು. ಇದು ರವೆ, ಇದು ಮೈದಾ, ಇದಕ್ಕೆ ಬೆಲ್ಲ, ಅದಕ್ಕೆ ಸಕ್ಕರೆ. ಆರು ವರ್ಷ ತಾನು ಚಿವುಟಿ ತೆಗೆದ ಮುದ್ದೆಯೆಲ್ಲ ಬೇರೆ ರೂಪದಲ್ಲಿ ವಾಪಸು ಬಂದು ಫೋಟೊ ಎದುರಿಗೆ ಕೂತಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಕೊನೆಗೆ ಬಂದವನು ಹಟ್ಟಿ ನರಸಪ್ಪ. ಮುದುಕ ಎಲೆಯ ಎದುರು ಕುಕ್ಕರುಗಾಲಲ್ಲಿ ಕೂತ. ಟಿಫನ್ ಬಾಕ್ಸಿನಲ್ಲಿ ಗಿಣ್ಣು, ಈದ ಹಸುವಿನ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿದ್ದು. "ಮೊನ್ನೆ ಬಿಳೇ ಹಸು ಈಯ್ತು ಕಣವ್ವ. ಡಾಕ್ಟ್ರ ಎಡೆಗೆ ಅಂತ ಎತ್ತಿಟ್ಟಿದ್ದೆ. ಅವತ್ತು ಬಂದದ್ದೂ ಹೊಸದಾಗಿ ಈದಿದ್ದ ಕೆಂದ ಹಸಿನ ಕರ ನೋಡಾಕೆ" ಅಂದ.

ಲಕ್ಷ್ಮೀದೇವಿ ಎದ್ದು ನಿಂತಳು. "ಅವತ್ತು ಏನಾರ ತಿಂದ್ರಾ ನಿಮ್ಮನೇಲಿ?"

"ತಿಂದ್ರು ಕಣವ್ವ. ಎರಡು ಮುದ್ದೆ ಉಂಡ್ರು. ಒಂದು ಬಟ್ಲು ಗಿಣ್ಣು ಹಾಕಿದ್ವಿ. ಎರಡ್ನೇದು ಅವರೇ ಕೇಳಿ ಹಾಕಿಸ್ಕಂಡ್ರು. ಹೊಟ್ಟೆ ತುಂಬೋಯ್ತು ನರಸಪ್ಪ ಅಂತ ನಗ್ತಾ ಗಾಡಿ ಹತ್ತಿದ್ರು." ಮುದುಕ ತಲೆ ತಗ್ಗಿಸಿದ. "ಶುಗರಿತ್ತಂತೆ. ನಂಗೆ ತಿಳೀದು ಕಣವ್ವ. ನಾನೇ ಕೊಂದ್ನೇನೋ ಅಂತ ನಿದ್ದೆ ಬಂದಿಲ್ಲ ನಂಗೆ."

"ಇಲ್ಲ ಬುಡಪ್ಪ. ಎರಡು ಬಟ್ಲು ಗಿಣ್ಣಿಗೆ ಯಾರೂ ಸಾಯಲ್ಲ" ಅಂದಳು ಲಕ್ಷ್ಮೀದೇವಿ. ಅದು ನಿಜವೂ ಆಗಿತ್ತು.

ಹಸ್ಕೊಂಡು ಸಾಯಲಿಲ್ಲ. ಉತ್ತರ ಸಿಕ್ಕಿತು. ಈಗ ಎದೆ ಹಗುರಾಗಬಹುದು ಅಂತ ಅವಳು ಸ್ವಲ್ಪ ಹೊತ್ತು ಕಾದಳು. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ.

ಸಿದ್ದಗಂಗಯ್ಯ ಧೂಪ ಹಾಕಿ, ಸತ್ತವನು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿದ. ಎಲ್ಲರೂ ಅಂಗಳಕ್ಕೆ ಬಂದು ನಿಂತರು. ಹನುಮಕ್ಕ ಕೋಲೂರಿಕೊಂಡು ಸೊಸೆಯ ಪಕ್ಕಕ್ಕೆ ಬಂದಳು. ನರಸಪ್ಪ ಹೇಳಿದ್ದೆಲ್ಲ ಅವಳ ಕಿವಿಗೂ ಬಿದ್ದಿತ್ತು. ಮುಚ್ಚಿದ ಬಾಗಿಲನ್ನೇ ನೋಡುತ್ತ, "ನಾನೂ ಆಗೀಗ ಒಂದು ಬೆಲ್ಲದ ಚೂರು ಕೊಡ್ತಿದ್ದೆ ಕಣೆ. ಅಮ್ಮ ಅಂತ ಕೈ ಚಾಚೋನು. ಬ್ಯಾಡ ಅನ್ನಾಕಾಗ್ತಿರ್ಲಿಲ್ಲ" ಅಂದಳು.

"ಊಂ" ಅಂದಳು ಲಕ್ಷ್ಮೀದೇವಿ.

"ಅವತ್ತು ಅಂಗಂದಿದ್ದು ಮನಸ್ಸಿಗೆ ಇಟ್ಕಬ್ಯಾಡ."

ಅದಕ್ಕೂ ಅವಳು "ಊಂ" ಅಂದಳು.

ಊಟಕ್ಕೆ ಎಲೆ ಹಾಕಿದರು. ಅತ್ತೆ ಸೊಸೆ ಇಬ್ಬರನ್ನೂ ಹೆಂಗಸರ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದರು. ಬಡಿಸುವವನು ಲಕ್ಷ್ಮೀದೇವಿಯ ಎಲೆಗೆ ತಿಥಿ ಊಟದ ದೊಡ್ಡ ಮುದ್ದೆಯೊಂದನ್ನು ಇಟ್ಟು ಮುಂದಕ್ಕೆ ಹೋದ. ಅವಳ ಕೈ ರೂಢಿಯಂತೆ ಅದರಿಂದ ಒಂದು ಚೂರು ಮುರಿದುಕೊಂಡು, ಉಳಿದದ್ದನ್ನು ಎಲೆಯ ತುದಿಗೆ ತಳ್ಳಿತು.

ಹನುಮಕ್ಕ ನೋಡಿದಳು. "ಅದ್ಯಾಕೆ ಅತ್ಲಾಗೆ ತಳ್ತೀಯ? ತಿನ್ನೇ. ನಿಂಗೇನು ಶುಗರಾ?"

ಲಕ್ಷ್ಮೀದೇವಿಯ ಕೈ ನಿಂತಿತು. ಆರು ವರ್ಷದಲ್ಲಿ ಈ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಎದುರಿಗೇ ಕೂತು ಉಣ್ಣುತ್ತಿದ್ದವನೂ ಕೇಳಿರಲಿಲ್ಲ. ಕೇಸರಿಬಾತು ತಿನ್ನಲು ಹೋಗುವ ಆತುರದಲ್ಲಿ, ಅವಳು ತನ್ನ ಜೊತೆ ಅದೇ ಚಿವುಟಿದ ಮುದ್ದೆಯನ್ನು ನುಂಗಿ ನೀರು ಕುಡಿಯುವುದನ್ನು ದಿನಾ ನೋಡಿಕೊಂಡೇ ಎದ್ದು ಹೋಗುತ್ತಿದ್ದನಲ್ಲ! ಒಂದು ದಿನ, ಒಂದೇ ಒಂದು ದಿನ, ನೀನು ಯಾಕೆ ಹೊಟ್ಟೆ ಕಟ್ಟುತ್ತೀ, ನೀನು ಉಣ್ಣು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಮನೆಯಲ್ಲಿ ಹಸಿದಿದ್ದದ್ದು ಅವನಲ್ಲ.

"ಇಲ್ಲ ಅತ್ತೆ, ನಂಗೆ ಶುಗರಿಲ್ಲ" ಅಂದಳು ಲಕ್ಷ್ಮೀದೇವಿ.

ತಳ್ಳಿದ ಮುದ್ದೆಯನ್ನು ಎಳೆದುಕೊಂಡು ಸಾರಿಗೆ ಅದ್ದಿ ನುಂಗತೊಡಗಿದಳು. ರುಚಿ ಗೊತ್ತಾಗಲಿಲ್ಲ. ಬಿಸಿ ಗೊತ್ತಾಯಿತು. ಮುದ್ದೆ ಪೂರ್ತಿ ಖಾಲಿ ಮಾಡಿ ತಲೆ ಎತ್ತಿ ಬಡಿಸುವವನನ್ನು ಕರೆದು, "ಇನ್ನೊಂದು ಹಾಕಪ್ಪ" ಅಂದಳು.

ಹೆಂಗಸರ ಸಾಲಿಗೆ ಸಾಲೇ ತಿರುಗಿ ನೋಡಿತು. ಗಂಡನ ತಿಥಿಯ ದಿನ ಎರಡನೇ ಮುದ್ದೆ ಕೇಳಿ ಹಾಕಿಸಿಕೊಳ್ಳುವ ಹೆಂಗಸನ್ನು ಅವರು ಕಂಡಿರಲಿಲ್ಲ. ಬಡಿಸುವವನು ಹನುಮಕ್ಕನ ಮುಖ ನೋಡಿದ. "ಹಾಕೋ, ಏನ್ ನೋಡ್ತೀಯ" ಅಂದಳು ಮುದುಕಿ. ಲಕ್ಷ್ಮೀದೇವಿಗೆ ಹೊಟ್ಟೆ ಉರಿಯುವಷ್ಟು ಹಸಿವಾಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳದೆ ಉಣ್ಣುತ್ತಲೇ ಇದ್ದಳು.